ಬಳೆಯಲ್ಲಿ ತೂರಿದ ಈರುಳ್ಳಿ

ನಮ್ಮ ವಸತಿನಿಲಯಕ್ಕೆ ಈರುಳ್ಳಿ ಕೊಳ್ಳುವಾಗ ನನ್ನ ಕೈಬಳೆಯೇ ಅಳತೆ. ಅದರಲ್ಲಿ ತೂರಿಹೋಗುವ ಗಡ್ಡೆಯನ್ನು ನಾನು ಒಪ್ಪುವುದಿಲ್ಲ. ಬಾಗಲಕೋಟೆ ಮಾರುಕಟ್ಟೆಯಲ್ಲಿ, ಹುನಗುಂದ ಕಡೆಯ ಮುದುಕಿಯೊಬ್ಬಳ ರಾಶಿಯಲ್ಲಿ ಮುಕ್ಕಾಲು ಪಾಲು ತೂರಿಹೋಯಿತು. ಆಗಲೇ ಮೋಡ ಕವಿದಿತ್ತು. ನೆನೆದರೆ ಅವಳ ಬೆಳೆಯೆಲ್ಲ ಕೊಳೆಯುತ್ತಿತ್ತು.

"ಮೊದಲೆಲ್ಲಾ ಮಂದಿ ಸಣ್ಣದು ದೊಡ್ಡದು ಕೂಡೇ ಒಯ್ತಿದ್ರು, ಅಕ್ಕಾರ. ಈಗ ದಿಲ್ಲಿಯವ್ರಿಗೂ ದೊಡ್ಡವ ಬೇಕು, ಪರದೇಶದವ್ರಿಗೂ ದೊಡ್ಡವ ಬೇಕು. ಸಣ್ಣವನ್ನ ನಾ ಕೊಳ್ಳಾಗ ಮಾಲಿ ಹಾಕ್ಕೋಬೇಕೇನ್ರಿ?"

"ನನ್ನ ಅಳತೆ ಬದಲಾಗುವುದಿಲ್ಲ" ಎಂದೆ.

ಅವಳು, ನಾನು ಬೇರೆಡೆ ಕೊಂಡಿದ್ದ ಈರುಳ್ಳಿ ಚೀಲದಿಂದ ದಪ್ಪ ಗಡ್ಡೆಯೊಂದನ್ನು ತೆಗೆದು ಕುಡಗೋಲಿನಿಂದ ಸೀಳಿದಳು. ಒಳಗೆಲ್ಲ ಕೊಳೆತಿತ್ತು. ತನ್ನದೊಂದು ಸಣ್ಣದನ್ನು ಸೀಳಿದಳು. ಘಾಟಿಗೆ ನನ್ನ ಕಣ್ಣಲ್ಲಿ ನೀರು ಬಂತು.

ಮೊದಲ ಹನಿ ಬೀಳುವಷ್ಟರಲ್ಲಿ ಅವಳ ರಾಶಿಯನ್ನೆಲ್ಲ ತೂಕಕ್ಕೆ ಹಾಕಿಸಿದೆ. ಆ ಸಣ್ಣ ಗಡ್ಡೆಗಳನ್ನು ಸುಲಿದೂ ಸುಲಿದೂ ನಮ್ಮ ಅಡುಗೆಯವಳು ಮಾತ್ರ ನನ್ನ ಸಂಗಡ ಮಾತು ಬಿಟ್ಟಿದ್ದಾಳೆ.