ಅವ್ವ ಬೇಡವೆಂದ ನೀರು

ಅಮೆರಿಕದ ಸನ್ನಿವೇಲ್‌ನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಯಾರನ್ನು ಕೇಳಿದರೂ ಹೊಸ ಕಂಪನಿ ಕಟ್ಟುವ ಮಾತೇ ಆಡುತ್ತಿದ್ದ ಕಾಲ ಅದು. ನನ್ನ ಗಂಡ ಹೆಚ್ಚುಕಮ್ಮಿ ಆಫೀಸಿನಲ್ಲೇ ವಾಸ. ಇನ್ನೂ ಅಂಬೆಗಾಲಿಡುತ್ತಿದ್ದ ಮಗಳನ್ನು ಡೇಕೇರಿಗೆ ಬಿಡಲು ಮನಸ್ಸಾಗದೆ, ಮಂಡ್ಯ ಕಡೆಯ ಹಳ್ಳಿಯಿಂದ ಅವ್ವನನ್ನು ಕರೆಸಿಕೊಂಡಿದ್ದೆ.

ಬಂದ ಮಾರನೆಯ ಬೆಳಿಗ್ಗೆ ಅವ್ವ ಬಾತ್‌ರೂಮಿನಿಂದ ಹೊರಗೆ ಬರಲಿಲ್ಲ. ಬಾಗಿಲು ತಟ್ಟಿದರೆ, "ಇಮಾನದ ಊಟ ಒಗ್ಗಿಲ್ಲ ಕಣೆ" ಅಂದಳು. ನಂಬಿ ಮಗುವಿಗೆ ಉಣಿಸುತ್ತ ಕೂತೆ. ಆಮೇಲೆ ಕರೆದರೆ ಉತ್ತರವಿಲ್ಲ. ಬಾಗಿಲು ತಳ್ಳಿದೆ. ಅವ್ವ ನೆಲದ ಮೇಲೆ ಬಿದ್ದಿದ್ದಳು. ಅಕ್ಕಿ ತೊಳೆದ ನೀರಿನಂಥ ಭೇದಿ, ಸೀರೆಯೆಲ್ಲ ಒದ್ದೆ. ಕಣ್ಣು ಗುಳಿಬಿದ್ದಿದ್ದವು. ಅಷ್ಟರಲ್ಲೂ ನಾನು ನೋಡಬಾರದೆಂದು ಸೆರಗು ಎಳೆದುಕೊಳ್ಳುತ್ತಿದ್ದಳು.

ನೀರು ತಂದೆ. ಲೋಟ ದೂಡಿದಳು.

"ಬ್ಯಾಡ ಕಣವ್ವ. ಕುಡ್ದಷ್ಟೂ ಹೋಯ್ತದೆ. ಇದು ಕಾಲರಾ. ನಂಗೆ ಗೊತ್ತು. ಮಗೀನ ಆಚೆಗೆ ಕಳ್ಸು."

"ಕಾಲರಾನೂ ಇಲ್ಲ, ಏನೂ ಇಲ್ಲ. ಕುಡಿ!" ಎಂದು ಗದರಿದೆ. ಅವಳು ಹಲ್ಲು ಕಚ್ಚಿಕೊಂಡಳು. ಕಾಲಿನ ಮೀನಖಂಡ ಹಿಡಿದುಕೊಂಡು ಚೀರಿದಳು. ಆ ಸದ್ದಿಗೆ ಒಳಗೆ ಮಗುವೂ ಕಿರುಚತೊಡಗಿತು. ಎತ್ತಿಕೊಳ್ಳಲು ಓಡಿದವಳು ನನ್ನ ಕೈ ನೋಡಿ ಬಾಗಿಲಲ್ಲೇ ನಿಂತೆ. ಗಂಡನ ಫೋನು ಎತ್ತುವವರಿಲ್ಲ. ಆಂಬುಲೆನ್ಸು ಕರೆಸಿದೆ. ಮೊಣಕೈವರೆಗೆ ಸೋಪು ಹಚ್ಚಿ ತೊಳೆದು, ಅದುವರೆಗೂ ಬರೀ ನಕ್ಕು ಗೊತ್ತಿದ್ದ ಎದುರು ಮನೆಯ ಚೀನೀ ಹೆಂಗಸಿಗೆ ಮಗುವನ್ನು ಕೊಟ್ಟೆ. ಆಕೆ ಏನೂ ಕೇಳದೆ ಎತ್ತಿಕೊಂಡಳು.

ಆಸ್ಪತ್ರೆಯಲ್ಲಿ ನರ್ಸಿಗೆ ಅವ್ವನ ನರವೇ ಸಿಗಲಿಲ್ಲ. ಎರಡೂ ಕೈ ಚುಚ್ಚಿದರು. "ಕಾಲರಾ ಇರಬಹುದಾ?" ಎಂದು ನಾನೇ ಕೇಳಿದೆ. "ಪುಸ್ತಕದಲ್ಲಿ ಓದಿದ್ದೇನೆ, ನೋಡಿಲ್ಲ," ಅಂದರು ಡಾಕ್ಟರು. ಅವರ ಮುಖದಲ್ಲೂ ಹೆದರಿಕೆ ಕಂಡಿತು. ಕೊನೆಗೆ ಕುತ್ತಿಗೆಯ ಹತ್ತಿರ ಸೂಜಿ ಹಾಕಿ ಡ್ರಿಪ್ಪು ಬಿಟ್ಟರು.

ಸಂಜೆ ಅವ್ವ ಕಣ್ಣು ಬಿಟ್ಟು ಮೇಲಿನ ಚೀಲ ನೋಡಿದಳು.

"ಅದ್ಯಾವ ಔಷ್ದಿ?"

"ಔಷಧಿ ಅಲ್ಲ ಕಣವ್ವ. ನೀರು, ಉಪ್ಪು. ಬಾಯಲ್ಲಿ ಕುಡ್ದಿದ್ರೂ ಆಗ್ತಿತ್ತಂತೆ."

ಅವ್ವ ಗೋಡೆಯ ಕಡೆ ಮುಖ ತಿರುಗಿಸಿದಳು.

"ಊರಿಗೆ ಕಾಲರಾ ಬಂದಾಗ ನನ್ನ ತಮ್ಮ ನೀರು ನೀರು ಅಂತ ಅಳ್ತಿದ್ದ. ಕೊಡಬ್ಯಾಡಿ ಅಂತಿದ್ರು ದೊಡ್ಡೋರು. ಅವನು ತೆವಳ್ಕೊಂಡು ಚೊಂಬಿನ ಹತ್ರ ಬಂದ. ನಾನೇ ಚೊಂಬೆತ್ತಿ ಅಟ್ಟದ ಮ್ಯಾಲಿಟ್ಟೆ. ಬೆಳಗಾಗದ್ರೊಳಗೆ ಹೋಗ್ಬುಟ್ಟ."

ಅವ್ವನಿಗೊಬ್ಬ ತಮ್ಮನಿದ್ದನೆಂದು ನನಗೆ ಅಂದೇ ಗೊತ್ತಾದದ್ದು. ಅಳಲು ಅವಳ ಮೈಯಲ್ಲಿ ನೀರೂ ಇರಲಿಲ್ಲ.

ಪರೀಕ್ಷೆಯಲ್ಲಿ ಕಾಲರಾ ಎಂದೇ ಬಂತು. ಮಗುವನ್ನು ಕರೆತರಲು ಹೋಗಿ ಎದುರು ಮನೆಯಾಕೆಗೆ ಹೇಳಿದಾಗ ಅವಳ ಮುಖ ಬಿಳಿಚಿಕೊಂಡಿತು. "ನನ್ನ ಮೊಮ್ಮಗ ಇದರ ಜೊತೆ ಆಡಿದ್ದಾನೆ," ಎಂದು ಮಗುವನ್ನು ನನ್ನ ಕೈಗಿಟ್ಟು ಬಾಗಿಲು ಹಾಕಿಕೊಂಡಳು. ಯಾರಿಗೂ ಏನೂ ಆಗಲಿಲ್ಲ. ಆದರೂ ಆ ಬಾಗಿಲು ಮತ್ತೆ ನಮಗೆ ತೆರೆಯಲಿಲ್ಲ. ದೇವಸ್ಥಾನದಲ್ಲಿ ಪರಿಚಯವಾದವರೂ ನಮ್ಮ ಮನೆಗೆ ಬರುವುದನ್ನು ಬಿಟ್ಟರು.

ಅವ್ವ ವಾಸಿಯಾಗಿ ಮನೆಗೆ ಬಂದಳು. ಮಗು ಅಂಬೆಗಾಲಲ್ಲಿ ಹತ್ತಿರ ಹೋದರೆ ಕಾಲು ಮಡಚಿ ಸೋಫಾದ ಮೂಲೆಗೆ ಸರಿಯುತ್ತಿದ್ದಳು.

"ಇನ್ನು ಅಂಟಲ್ಲ ಅಂತ ಡಾಕ್ಟರೇ ಹೇಳಿದಾರಲ್ಲವ್ವ, ಎತ್ಕೋ."

"ನನ್ನ ಕೈ ಸರಿಯಿಲ್ಲ ಕಣೆ. ಊರಿಗೆ ಕಳ್ಸ್ಬುಡು."

ಎಷ್ಟು ಬೇಡಿದರೂ ಕೇಳಲಿಲ್ಲ. ಮೊಮ್ಮಗಳನ್ನು ಒಮ್ಮೆಯೂ ಎತ್ತಿಕೊಳ್ಳದೆ ಅವ್ವ ವಿಮಾನ ಹತ್ತಿದಳು.