ಮಾರುವ ದಿನ ಬೈಕು ಬಿಸಿಯಾಗಿತ್ತು

ಪುಟ್ಟಿ, ಚಿನ್ನು, ನಿಮ್ಮ ತಾತನ ಜಪಾನ್ ಬೈಕು ನಿಮಗೆ ನೆನಪಿದೆಯೋ ಇಲ್ಲವೋ. ಸ್ಟೋರಿನಲ್ಲಿ ಕಾಫಿ ಮೂಟೆಗಳ ಪಕ್ಕ, ತಾತನ ಹಳೇ ಪಂಚೆ ಹೊದ್ದು ನಿಂತಿರುತ್ತಿತ್ತು. ನಿಮ್ಮಪ್ಪ ಹುಟ್ಟುವ ಮೊದಲು ತಂದದ್ದು. ಟ್ಯಾಂಕಿನ ಕೆಂಪು ಬಣ್ಣ ಒಂದು ಕಡೆಯೂ ಎದ್ದಿರಲಿಲ್ಲ.

ಕಾಯಿಲೆ ಬಿದ್ದ ವರ್ಷ ತಾತ ನನಗೆ ಚೋಕ್ ಎಳೆಯುವುದು, ಕಿಕ್ ಹೊಡೆಯುವುದು ಕಲಿಸಿದರು. "ವಾರಕ್ಕೊಂದ್ಸಲ ಸ್ಟಾರ್ಟ್ ಮಾಡು ಕಣೇ. ಸುಮ್ನೆ ಬುಟ್ರೆ ಕೆಟ್ಟೋಗ್ಬುಡ್ತದೆ" ಎಂದಿದ್ದರು. ಅವರು ಹೋದ ಮೇಲೂ ನಾನು ತಪ್ಪಿಸಲಿಲ್ಲ. ಆದರೆ ಸೀರೆ ಎತ್ತಿ ಕಟ್ಟಿ ಕಿಕ್ ಹೊಡೆಯುವುದನ್ನು ಯಾರಾದರೂ ನೋಡಿಯಾರೆಂಬ ನಾಚಿಕೆ. ನಿಮ್ಮಪ್ಪ ತೋಟಕ್ಕೆ ಹೋದ ಹೊತ್ತು ನೋಡಿ ಮಾಡುತ್ತಿದ್ದೆ. ಅವನಿಗೂ ಹೇಳಲಿಲ್ಲ.

ಓಡಿಸುವವರಿಲ್ಲವೆಂದು ಅವನು ಅದನ್ನು ಮಾರಲು ಮಾತಾಡಿದ. ಮಾರುವ ದಿನ, ಅದನ್ನು ಕೊಳ್ಳಲು ಹಾಸನದಿಂದ ಬರುವವರಿಗೆ ದಾರಿ ತೋರಿಸಲು ಹಾನುಬಾಳಿಗೆ ಹೋದ. ಕೊನೆಯ ಸಲವೆಂದು ನಾನು ಸ್ಟಾರ್ಟ್ ಮಾಡಿದೆ. ಎಷ್ಟು ಹೊತ್ತು ಹಾಗೇ ಬಿಟ್ಟಿದ್ದೆನೋ ತಿಳಿಯದು.

ಬಂದವರು ಪಂಚೆ ಸರಿಸಿ ಮೊದಲು ಇಂಜಿನ್ ಮೇಲೆ ಅಂಗೈ ಇಟ್ಟರು. ಹಳೇ ಗಾಡಿಯ ಗುಣ ಅದು ತಣ್ಣಗಿದ್ದಾಗ ಸ್ಟಾರ್ಟ್ ಮಾಡಿದರೇ ಗೊತ್ತಾಗುವುದಂತೆ.

"ಏನ್ ಮಾರಾಯ್ರೇ, ಮುಟ್ಬೇಡಿ ಅಂತ ಫೋನಲ್ಲೇ ಹೇಳಿರ್ಲಿಲ್ವಾ? ಬಿಸಿ ಐತಲ್ಲ!"

"ಯಾರೂ ಮುಟ್ಟಿಲ್ಲ ಕಣ್ರೀ," ಎಂದ ನಿಮ್ಮಪ್ಪ.

"ಮತ್ತೆ ಜ್ವರ ಬಂದೈತಾ ಇದುಕ್ಕೆ?"

"ನಮ್ಮಪ್ಪನಾಣೆ, ಮುಟ್ಟಿಲ್ಲ."

"ಸತ್ತೋರನ್ನ ಯಾಕ್ರೀ ಎಳೀತೀರಾ, ಒಂದು ಗಾಡಿಗೆ?"

ಕಾಫಿ ಲೋಟಗಳನ್ನು ಹಿಡಿದು ನಾನು ಬಾಗಿಲ ಹಿಂದೆಯೇ ನಿಂತಿದ್ದೆ. ನಾಲ್ಕು ಹೆಜ್ಜೆ ಇಟ್ಟು, ನಾನೇ ಮಾಡಿದ್ದು ಎಂದಿದ್ದರೆ ಮುಗಿಯುತ್ತಿತ್ತು. ನಿಮ್ಮಪ್ಪ ತಲೆ ತಗ್ಗಿಸಿ ನಿಂತಿದ್ದ.

ಅವರು ಇಂಜಿನ್ ಆರುವವರೆಗೆ ಜಗಲಿಯ ಮೇಲೆ ಕೂತರು. ಆಮೇಲೆ ಒಂದೇ ಕಿಕ್ಕಿಗೆ ಸ್ಟಾರ್ಟ್ ಆಯಿತು. ನಕ್ಕು, ಮಾತಾಡಿದಷ್ಟೇ ಕೊಟ್ಟು, ಓಡಿಸಿಕೊಂಡು ಹೋದರು. ತಿರುವು ದಾಟುವವರೆಗೂ ಸದ್ದು ಕೇಳಿಸಿತು. ಆದರೆ ಆಡಿದ ಮಾತನ್ನು ಅವರು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಸಂಜೆ ನಿಮ್ಮಪ್ಪ ಕೇಳಿದ, "ಅವ್ವಾ, ಬೈಕನ್ನ ಯಾರಾದ್ರೂ ಮುಟ್ಟಿದ್ರಾ?"

"ಇಲ್ಲ ಕಣಪ್ಪ," ಎಂದುಬಿಟ್ಟೆ.

ಅವತ್ತಿನಿಂದ ಅವನು ತಾತನ ಮಾತು ಬಂದರೆ ಎದ್ದು ಹೋಗುತ್ತಾನೆ. ಅವನ ಎದುರು ಕೂತು ಹೇಳುವ ಧೈರ್ಯ ನನಗೆ ಇವತ್ತಿಗೂ ಇಲ್ಲ. ಅದಕ್ಕೇ ಬರೆದಿದ್ದೇನೆ. ನಿಮ್ಮಪ್ಪ ಸುಳ್ಳಾಣೆ ಇಡಲಿಲ್ಲ, ಅವನಿಗೆ ಗೊತ್ತಿರಲಿಲ್ಲ ಅಷ್ಟೇ. ನನ್ನ ನಂತರ ಇದನ್ನು ಅವನಿಗೆ ಓದಿ ಹೇಳಿ. ಅಲ್ಲಿಯವರೆಗೆ ಈ ಹಾಳೆಗಳು ನೆನೆಯದಂತೆ, ಇಲಿ ಮುಟ್ಟದಂತೆ ನೋಡಿಕೊಳ್ಳಿ ಮಕ್ಕಳೇ.