ಹಂಪಕ್ಕ ಬರೆಸಿದ ಒಂದು ಸಾಲು

ರಾಯದುರ್ಗದಲ್ಲಿ ಪ್ಯಾಂಟು ಹೊಲಿಯುವವರಿಗೇನು ಬರವೇ? ಆದರೆ ಹಂಪಕ್ಕನ ಶೆಡ್ಡಿನಿಂದ ಹೋದ ಜೀನ್ಸ್ ಕಟ್ಟನ್ನು ಬಳ್ಳಾರಿಯ ವ್ಯಾಪಾರಿಗಳು ಬಿಚ್ಚಿ ನೋಡದೆಯೇ ಕೊಳ್ಳುತ್ತಿದ್ದರು. ಕಾರಣ ಒಂದು ಚೀಟಿ. ಪ್ರತಿ ಕಟ್ಟಿನೊಳಗೂ ಹೊಲಿದವಳ ಹೆಸರು ಬರೆದು ಇಡುವುದು ಆಕೆಯ ಪದ್ಧತಿ. ಹೊಲಿಗೆ ಬಿಟ್ಟರೆ, ಜಿಪ್ಪು ಸೊಟ್ಟಗಾದರೆ ಕಟ್ಟು ವಾಪಸ್ ಬರುತ್ತಿತ್ತು. ಹಂಪಕ್ಕ ತುಟಿಪಿಟಕ್ಕೆನ್ನದೆ ಬಿಚ್ಚಿ ಹೊಲಿಸುತ್ತಿದ್ದಳು, ಬಟ್ಟೆ ಕೆಟ್ಟಿದ್ದರೆ ಅದನ್ನೂ ತುಂಬಿಕೊಡುತ್ತಿದ್ದಳು. ಹನ್ನೆರಡು ಮಷಿನ್ನುಗಳನ್ನು ಒಂದೊಂದಾಗಿ ಕೂಡಿಸಿದ್ದು ಈ ಹೆಸರಿನ ಮೇಲೆಯೇ.

ಹೋದ ವರ್ಷ ಚಿರಂಜೀವಿ ಎಂಬ ಹೊಸ ವ್ಯಾಪಾರಿ ದೊಡ್ಡ ಆರ್ಡರು ತಂದ. ಜೊತೆಗೆ ಹತ್ತು ಹಾಳೆಯ ಇಂಗ್ಲಿಷ್ ಕರಾರು. ಓದುವ ಗೋಜಿಗೇ ಹೋಗದೆ ಹಂಪಕ್ಕ ಪೆನ್ನು ಹುಡುಕುತ್ತಿದ್ದಳು. ಪುಣ್ಯಕ್ಕೆ ಸೊಸೆ ಶ್ರೀಲತಾ ಮನೆಯಲ್ಲಿದ್ದಳು. ಆಕೆ ವಕೀಲರೊಬ್ಬರ ಆಫೀಸಿನಲ್ಲಿ ಟೈಪು ಮಾಡುವವಳು. ಓದಿ ಹೇಳಿದಳು: ಯಾವ ಕಾರಣಕ್ಕೇ ಆಗಲಿ, ಯಾರೇ ತಕರಾರು ಎತ್ತಲಿ, ನಷ್ಟವನ್ನೆಲ್ಲ ಅತ್ತೆಯೇ ತುಂಬಿಕೊಡಬೇಕು, ಆಗದಿದ್ದರೆ ಮಷಿನ್ನುಗಳು ಚಿರಂಜೀವಿಯ ಪಾಲು.

ಹಂಪಕ್ಕ ಪೆನ್ನು ಹುಡುಕುವುದನ್ನು ಬಿಟ್ಟಳು. ತುಂಬಿಕೊಡುವುದು ಆಕೆಗೆ ಹೊಸದೇ? ಅದೇ ಆಕೆಯ ಮರ್ಯಾದೆ. ಆದರೆ ಬಟ್ಟೆಗೆ ಬಣ್ಣ ಹಾಕಿದವರು ಬೇರೆ, ಕತ್ತರಿಸಿದವರು ಬೇರೆ. ಇನ್ನು ಚಿರಂಜೀವಿ ಚೀಲ ತುಂಬ ತಂದಿದ್ದ ಲೇಬಲ್ಲುಗಳ ಮೇಲೋ, ಟಿವಿಯಲ್ಲಿ ಬರುವ ದೊಡ್ಡ ಕಂಪನಿಯ ಹೆಸರು. ಅದನ್ನು ಹಚ್ಚಲು ಕಂಪನಿಯ ಒಪ್ಪಿಗೆ ಇದೆಯೋ ಇಲ್ಲವೋ, ಅವನೇ ಬಲ್ಲ. ಆ ಕಂಪನಿಯವರು ನಾಳೆ ಪೊಲೀಸರನ್ನು ಕರೆದುಕೊಂಡು ಬಂದರೆ ಎತ್ತಿಕೊಂಡು ಹೋಗುವುದು ಹೊಲಿದವಳ ಮಷಿನ್ನನ್ನು. ಎರಡು ದಿನ ಯೋಚಿಸಿದಳು. ತನ್ನ ಕೈಯೊಳಗಿನ ಕೆಲಸಕ್ಕೆ ತಾನು ಹೊಣೆ, ಅವನಿಗೊಬ್ಬನಿಗೇ ಗೊತ್ತಿರುವುದಕ್ಕೆ ಅವನು. ಅದೇ ನ್ಯಾಯ ಅನ್ನಿಸಿತು.

‘ಯಾವ ಕಾರಣಕ್ಕೇ ಆಗಲಿ’ ಎಂಬುದನ್ನು ಹೊಡೆದುಹಾಕಿಸಿ, ಹೊಲಿಗೆಯ ತಪ್ಪಿಗಷ್ಟೇ ತಾನು ಹೊಣೆ ಎಂದು ಒಪ್ಪಿದಳು. ಕೆಳಗೆ ಶ್ರೀಲತಾಳ ಕೈಯಲ್ಲಿ ಒಂದು ಸಾಲು ಬರೆಸಿದಳು: ಲೇಬಲ್ಲಿನ ಬಗ್ಗೆ ಯಾರು ತಕರಾರು ಎತ್ತಿದರೂ, ಹಂಪಕ್ಕನಿಗಾಗುವ ನಷ್ಟವನ್ನು ಚಿರಂಜೀವಿ ತುಂಬಿಕೊಡತಕ್ಕದ್ದು.

ಅದನ್ನು ಓದಿ ಚಿರಂಜೀವಿ ನಕ್ಕ. ತೆಲುಗಿನಲ್ಲೊಮ್ಮೆ, ಕನ್ನಡದಲ್ಲೊಮ್ಮೆ, ನಂಬಿಕೆ ಇಲ್ಲವೇ ಎಂದು ಕೇಳಿದ. ಅಬ್ಬಬ್ಬಾ, ಹತ್ತು ಹಾಳೆ ಬರೆಸಿಕೊಂಡು ಬಂದವನಿಗೆ ಒಂದು ಸಾಲು ಕಂಡಾಗ ನಂಬಿಕೆ ನೆನಪಾಯಿತು! ಪೆನ್ನು ತೆರೆದ, ಮತ್ತೊಮ್ಮೆ ಓದಿದ, ಮುಚ್ಚಿದ.

“ನಿಮ್ಮ ಲೇಬಲ್ಲಿಗೆ ನೀವ ಸಹಿ ಹಾಕಲಿಲ್ಲಂದ್ರ, ನಾ ಹೆಂಗ ಹಾಕ್ಲಿರಿ?” ಎಂದಳು ಹಂಪಕ್ಕ.

ಅವನು ಚೀಲ ಎತ್ತಿಕೊಂಡು ನಡೆದ. ಬೇರೆ ಆರ್ಡರಿಲ್ಲದೆ ಮಷಿನ್ನುಗಳು ಒಂಬತ್ತು ದಿನ ಸುಮ್ಮನೆ ಕೂತವು. ಹೊಲಿಯುವ ದುರ್ಗಾ ದಿನವೂ ಬಂದು ಬಾಗಿಲಲ್ಲಿ ನಿಂತು, ಏನೂ ಕೇಳದೆ ಹೋಗುತ್ತಿದ್ದಳು. ಕೇಳಿ ಬೈದಿದ್ದರೂ ಹಂಪಕ್ಕನಿಗೆ ಅಷ್ಟು ಸಂಕಟವಾಗುತ್ತಿರಲಿಲ್ಲ. ಹಾಳಾಗಲಿ, ಸಹಿ ಹಾಕಿಬಿಡಬೇಕಿತ್ತೇನೋ ಎಂದು ಎಷ್ಟೋ ಸಲ ಅನ್ನಿಸಿತು.

ಹತ್ತನೆಯ ದಿನ ಚಿರಂಜೀವಿಯೇ ಬಂದ. ಕರಾರು ಮುಂದಿಟ್ಟ. ಹಂಪಕ್ಕನ ಸಾಲು ಹಾಗೆಯೇ ಇತ್ತು, ಅದರ ಕೆಳಗೆ ಅವನ ಸಹಿ.

“ಈ ಸಲ ಲೇಬಲ್ಲು ಬ್ಯಾರೆ ಅದಾವ್ರಿ, ಅಕ್ಕಾರ,” ಎಂದ, ಮುಖ ನೋಡದೆ.

ಹಳೆಯವು ಏನಾದವೆಂದು ಹಂಪಕ್ಕ ಕೇಳಲಿಲ್ಲ. ಹೊಸ ಲೇಬಲ್ಲೊಂದನ್ನು ಬೆಳಕಿಗೆ ಹಿಡಿದು ನೋಡಿದಳು, ಟಿವಿಯಲ್ಲಿ ಬರುವ ಆ ಹೆಸರು ಅದರಲ್ಲಿರಲಿಲ್ಲ. ಸಹಿ ಹಾಕಿದಳು, ದುರ್ಗಾಗೆ ಫೋನು ಹಚ್ಚಿದಳು.